ಗದ್ದೆಯ ಬದುವಿನ ಕಲ್ಲುಗಳು

ನಾಗಮಂಗಲದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದ ಪವಿತ್ರಳಿಗೆ ಮದುವೆ ಕೂಡಿಬರಲಿಲ್ಲ. ವಯಸ್ಸು ನಲವತ್ತರ ಹತ್ತಿರ ಬಂದಮೇಲೆ ಅರಕೆರೆಯ ತವರಿನವರು ಆ ಮಾತೆತ್ತುವುದನ್ನೂ ಬಿಟ್ಟರು. ಬಾಡಿಗೆ ಮನೆಯಲ್ಲಿ ಅವಳಿಗೆ ಜೊತೆಯೆಂದರೆ ಗಾಜಿನ ತೊಟ್ಟಿಯ ಮೀನುಗಳು.

ಅಪ್ಪ ತೀರಿಕೊಂಡ ವರ್ಷವೇ ತಮ್ಮ ಲೋಕೇಶ ಅವಳನ್ನು ಊರಿಗೆ ಕರೆಸಿ, ನಾಲೆ ಬಯಲಿನ ಗದ್ದೆಯಲ್ಲಿ ಪಾಲು ಬೇಡವೆಂದು ಸಹಿ ಹಾಕಿಸಿಕೊಂಡ. ಗದ್ದೆ ಮಾರುವ ಮಾತು ಮೊದಲೇ ಆಗಿಹೋಗಿದೆಯೆಂದು ಅವಳಿಗೆ ತಿಳಿದದ್ದು ಆಮೇಲೆ. ಅಮ್ಮ ಚಿಕ್ಕಬೋರಮ್ಮ ಕೈಗೊಂದು ಸೀರೆ ಕೊಟ್ಟು, "ಒಂಟಿ ಎಂಗ್ಸಿಗೆ ಭೂಮಿ ಯಾಕವ್ವ" ಅಂದಳು.

ಹೊರಡುವ ಮುಂಚೆ ಪವಿತ್ರ ಲೋಕೇಶನ ಜೊತೆ ಗದ್ದೆಗೆ ಹೋದಳು. ಅಪ್ಪ ಉಳುವಾಗ ಎತ್ತಿ ಹಾಕಿದ್ದ ಕಲ್ಲುಗಳು ಬದುವಿನ ಮೇಲೆ ಗುಪ್ಪೆಯಾಗಿ ಬಿದ್ದಿದ್ದವು.

"ನಾಕು ಕಲ್ಲು ತಗೊಂಡೋಗ್ಲೇನ್ಲಾ, ಮೀನಿನ ತೊಟ್ಟಿಗೆ?"

"ಗುಪ್ಪೇನೇ ಹೊತ್ಕೊಂಡೋಗಕ್ಕ" ಎಂದು ಲೋಕೇಶ ನಕ್ಕ. ಅವತ್ತು ಅವನು ಖುಷಿಯಲ್ಲಿದ್ದ. ತಾನೇ ಕಲ್ಲುಗಳನ್ನು ಕಾರಿಗೆ ಹಾಕಿ ನಾಗಮಂಗಲಕ್ಕೆ ತಂದು ಇಳಿಸಿದ.

ಅವಳು ಕಲ್ಲುಗಳನ್ನು ಉಜ್ಜಿ ತೊಳೆದು, ಕುದಿವ ನೀರು ಸುರಿದು ಒಣಗಿಸಿದಳು. ಮೀನುಗಳನ್ನು ಟಬ್ಬಿಗೆ ಬಿಟ್ಟು ತೊಟ್ಟಿ ಬರಿದು ಮಾಡಿದಳು. ಅವು ಮರಳು ತೋಡುವ ಜಾತಿಯವು; ಮರಳಿನ ಮೇಲೆ ಕಲ್ಲಿಟ್ಟರೆ ಅಡಿ ಟೊಳ್ಳಾಗಿ ಉರುಳುತ್ತದೆ. ಅದಕ್ಕೆ ಗಾಜಿನ ತಳದಲ್ಲಿ ಪ್ಲಾಸ್ಟಿಕ್ ಜಾಲರಿ ಹಾಸಿ, ದೊಡ್ಡ ಕಲ್ಲಿನ ಅಗಲ ಮುಖ ಕೆಳಗಾಗುವಂತೆ, ಹೆರಿಗೆ ವಾರ್ಡಿನಲ್ಲಿ ಕೂಸು ಮಲಗಿಸುವ ಹಾಗೆ, ಎರಡೂ ಕೈಯಲ್ಲಿ ಇಳಿಸಿದಳು. ಪಕ್ಕದ ಗಾಜಿಗೆ ಎಲ್ಲೂ ತಾಗಗೊಡಲಿಲ್ಲ. ಮೇಲಿನ ಕಲ್ಲುಗಳಿಗೆ ಅಂಟು ಹಾಕಿ, ಅದು ಪೂರಾ ಒಣಗಿದ ಮೇಲೆಯೇ ಮರಳು ಸುರಿದು ನೀರು ತುಂಬಿಸಿದಳು. ಡ್ಯೂಟಿ ಮುಗಿಸಿ ಬಂದರೆ ಅದರ ಮುಂದೆಯೇ ಕೂತು ಊಟ ಮಾಡುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ಲೋಕೇಶ ಹೇಳದೆ ಕೇಳದೆ ಬಂದ. ಗದ್ದೆ ಕೊಳ್ಳುವವರು ನೋಂದಣಿಗೆ ಮುಂಚೆ ಅಳತೆ ಮಾಡಿಸಿದಾಗ ಮೂಲೆಯ ಗಡಿಕಲ್ಲು ಸಿಕ್ಕಿರಲಿಲ್ಲವಂತೆ.

"ಗಡಿಕಲ್ಲು ಎತ್ಕೊಂಡ್ ಬಂದ್ಬುಟ್ಟಿದ್ದೀಯ. ಯಾಪಾರ ಮುರೀಲಿ ಅಂತ ತಾನೆ?"

"ಕಾರಿಗಾಕಿದ್ದು ನೀನೇ ಕಣ್ಲಾ."

"ನಿನ್ನೊಟ್ಟೇಲಿ ಇಂಥ ಕಿಚ್ಚೈತೆ ಅಂತ ನಂಗೇನ್ ಗೊತ್ತಿತ್ತು?" ಎನ್ನುತ್ತಲೇ ತೋಳೇರಿಸಿ ತೊಟ್ಟಿಗೆ ಕೈ ಹಾಕಿದ.

"ಎಳೀಬ್ಯಾಡ, ಅಂಟಾಕಿದ್ದೀನಿ! ತಾಳು, ನೀರು ತೆಗೆದು ನಾನೇ ಕೊಡ್ತೀನಿ."

ಅವನು ಎಳೆದ. ಎರಡು ಕಲ್ಲು ಒಟ್ಟಿಗೇ ಮೇಲೆದ್ದು, ಭಾರ ತಡೆಯದೆ ಅವನ ಕೈಯಿಂದ ಜಾರಿ ಮುಂದಿನ ಗಾಜಿಗೆ ಬಡಿದವು. ನೀರೆಲ್ಲ ಹಾಲಿಗೆ ನುಗ್ಗಿತು. ಪವಿತ್ರ ಗಾಜಿನ ಚೂರುಗಳ ನಡುವೆ ಮಂಡಿಯೂರಿ, ಒದ್ದಾಡುತ್ತಿದ್ದ ಮೀನುಗಳನ್ನು ಬಾಚಿದಳು. ಲೋಕೇಶ ಉದ್ದನೆಯ ಕಲ್ಲೊಂದನ್ನು ಆರಿಸಿಕೊಂಡು, ಒದ್ದೆ ಪ್ಯಾಂಟು ಕೊಡವಿ ಹೊರಟುಹೋದ. ಅವಳ ಅಂಗೈ ಸೀಳಿತ್ತು, ಅವನು ನೋಡಲಿಲ್ಲ. ಬಕೆಟಿಗೆ ಹಾಕಿದ ಮೀನುಗಳಲ್ಲಿ ಬೆಳಗಿನ ಹೊತ್ತಿಗೆ ಒಂದೂ ಉಳಿಯಲಿಲ್ಲ.

ವಾರದ ಮೇಲೆ ಅಮ್ಮ ಫೋನ್ ಮಾಡಿದಳು. ಗಡಿಕಲ್ಲು ಇದ್ದ ಜಾಗದಲ್ಲೇ ಕೆಸರಿನಲ್ಲಿ ಹೂತಿತ್ತಂತೆ.

"ಅವ್ನೇನಾದ್ರೂ ಅಂದ್ನಾ?"

"ಅವ್ನೇನಂದಾನು, ಗಂಡಸು. ಮನಸ್ಸಿಗಾಕೋಬ್ಯಾಡ. ಗೌರಿ ಹಬ್ಬಕ್ಕೆ ಬಂದ್ಬುಡು. ಎಣ್ಣಿಗೆ ತವರು ಅಂತ ಒಂದಿರಬೇಕು ಕಣವ್ವ."

"ಡ್ಯೂಟಿ ಐತೆ" ಅಂದಳು ಪವಿತ್ರ.

ಹಬ್ಬದ ದಿನ ಅವಳಿಗೆ ರಜೆಯಿತ್ತು. ಓನರ್ ಮನೆಯವರು ಕುಂಕುಮಕ್ಕೆ ಕರೆಯಲು ಬಂದಾಗಲೂ ಅವಳು ಬಾಗಿಲು ತೆಗೆಯಲಿಲ್ಲ.