ಮಾತಿದ್ದಲ್ಲೆಲ್ಲ ಅಕ್ಷರ

ಕಣಗಲಾ ಊರಿನ ಪೂನಮ್ ವಿಡಿಯೋ ಕೆಲಸ ಕಲಿತದ್ದು ಗೋಕಾಕದ ಒಂದು ಲಗ್ನದ ಸ್ಟುಡಿಯೋದಲ್ಲಿ. ಅಪ್ಪ, ಅವ್ವ ಕಬ್ಬು ಕಡಿಯುವವರು. ಮಗಳು ಕಂಪ್ಯೂಟರ್ ಮುಂದೆ ಕೂತು ಪಗಾರ ತರುವುದೇ ಅವರಿಗೆ ಹೆಮ್ಮೆ. ಈಗ ಆಕೆ ಮೂಡಲಗಿಯ ರೈತರ ಸಂಘವೊಂದರಲ್ಲಿ ಬೆಳೆಗಳ ವಿಡಿಯೋ ಮಾಡಿ ರೈತರ ಮೊಬೈಲಿಗೆ ಕಳಿಸುತ್ತಾಳೆ.

ಹೋದ ವರ್ಷ ಹುಕ್ಕೇರಿ ಕಡೆಯ ಕೆಂಪವ್ವ ಸೊಸೆ ಶಿವಾನಿಯನ್ನು ಕರೆದುಕೊಂಡು ಸಂಘಕ್ಕೆ ಬಂದಳು. ಶಾಲೆಯಲ್ಲಿ ಏಳನೇ ಇಯತ್ತೆ ಓದುವಾಗ ಜ್ವರ ಬಂದು ಕೆಂಪವ್ವನ ಕಿವಿ ಕೇಳದಂತಾಗಿತ್ತು. ಆಕೆ ಚೀಲದಿಂದ ಸುಟ್ಟು ಮುರುಟಿದ ಬದನೆ ಎಲೆಗಳನ್ನು ತೆಗೆದು ಪೂನಮ್ ಮುಂದೆ ಇಟ್ಟಳು.

"ನಿಮ್ಮ ವಿಡಿಯೋದಾಗ ತೋರಿಸಿದ ಔಷಧಾನ ಹೊಡದೇನ್ರಿ."

ಪೂನಮ್ ಆ ವಿಡಿಯೋ ತೆರೆದಳು. ತಜ್ಞರು ಬಾಟಲಿ ಎತ್ತಿ ಹಿಡಿದು, "ಬದನಿಗೆ ಇದನ್ನ ಹೊಡೀಬ್ಯಾಡ್ರಿ" ಅನ್ನುತ್ತಿದ್ದರು. ಧ್ವನಿ ಬಂದ್ ಮಾಡಿ ಮತ್ತೆ ನೋಡಿದಳು. ಕಂಡದ್ದು ಬಾಟಲಿ ಮತ್ತು ತಜ್ಞರ ನಗುಮುಖ, ಅಷ್ಟೇ. ಆ ಎಲೆಗಳನ್ನು ಎತ್ತಿಕೊಂಡಳು.

ನೆಟ್ಟಗೆ ಮ್ಯಾನೇಜರ್ ಗುರುರಾಜನ ಬಳಿ ಹೋಗಿ ಅವನ್ನು ಅವನ ಮೇಜಿನ ಮೇಲಿಟ್ಟಳು. "ಸರ್, ಇನ್ನ ಮ್ಯಾಲೆ ಮಾತೆಲ್ಲಾ ಕೆಳಗ ಅಕ್ಷರದಾಗೂ ಬರಬೇಕ್ರಿ."

"ಕಿವಿ ಕೇಳದವ್ರು ಎಷ್ಟ ಮಂದಿ ಅದಾರವಾ? ಯಾರರ ಬೇಕಂದಾಗ ಹಾಕೋಣು."

"ಅವರು ಬೇಕನ್ನೂದ್ರಾಗ ಬೆಳಿ ಹೋಗಿರತೈತ್ರಿ. ಕೆಂಪವ್ವಂದು ಹೋಗೇತಿ."

"ಹಂಗಾರ ಔಷಧದ ವಿಡಿಯೋಕ್ಕಷ್ಟ ಹಾಕು."

"ಕಾಲುವಿಗೆ ನೀರ ಯಾವಾಗ ಬಿಡತಾರ ಅನ್ನೂದೂ ಬಾಯಿಲೇ ಹೇಳತೇವ್ರಿ. ಮಾತಿನಾಗ ಸುದ್ದಿ ಇದ್ರ ಅಕ್ಷರ ಇರಾಕ ಬೇಕು. ಬರೀ ವಾದ್ಯ ಇದ್ರ, 'ಮಾತಿಲ್ಲ' ಅಂತ ಒಂದ ಸಾಲ ಸಾಕು. ಅಕ್ಷರ ಇಲ್ಲದ ವಿಡಿಯೋ ನಾ ಕಳಸಂಗಿಲ್ರಿ."

ಗುರುರಾಜ ಮೇಜಿನ ಮೇಲಿನ ಸುಟ್ಟ ಎಲೆಯೊಂದನ್ನು ಎತ್ತಿ ನೋಡಿದ. "ಹೊಸಾವಕ್ಕೆಲ್ಲಾ ಹಾಕು. ಹಳೇವರಾಗ ಔಷಧದ್ದು ಮೊದಲ ಮಾಡು. ಕೆಂಪವ್ವಗ ಸಂಘದಿಂದ ಸಸಿ ಕೊಡಸ್ತೇನಿ," ಎಂದ.

ಕೆಲಸವೇನೂ ಸರಳವಿರಲಿಲ್ಲ. ಕಂಪ್ಯೂಟರ್ ತಾನಾಗಿ ಮೂಡಿಸುವ ಅಕ್ಷರ ನಂಬಿದರೆ 'ಹೊಡೀಬ್ಯಾಡ್ರಿ' ಎಂಬುದು 'ಹೊಡೀರಿ' ಆಗಿಬಿಡುತ್ತಿತ್ತು. ಪೂನಮ್ ಒಂದೊಂದು ಮಾತನ್ನೂ ಕೇಳಿ ಕೇಳಿ ಕೈಯಾರೆ ಟೈಪ್ ಮಾಡಿದಳು.

ಮೊದಲು ಬದನೆ ಔಷಧದ ವಿಡಿಯೋಕ್ಕೆ ಅಕ್ಷರ ಹಾಕಿ ಮುಗಿಸಿ, ಅದನ್ನು ಹಿಡಿದುಕೊಂಡು ಬಸ್ಸು ಹತ್ತಿ ಕೆಂಪವ್ವನ ಮನೆಗೇ ಹೋದಳು. ಕೆಂಪವ್ವ ಕಟ್ಟೆಯ ಮೇಲೆ ಕೂತು ತುಟಿ ಆಡಿಸುತ್ತಾ ಓದತೊಡಗಿ, ನಡುವೆಯೇ ತಲೆ ಅಲ್ಲಾಡಿಸಿದಳು.

"ಓದೂದ್ರಾಗ ಓಡಿ ಹೋಗತಾವ ತಂಗಿ."

ಪೂನಮ್ ಅಲ್ಲೇ ಲ್ಯಾಪ್‌ಟಾಪ್ ತೆರೆದು ಉದ್ದ ಸಾಲುಗಳನ್ನು ಒಡೆದಳು, ಪ್ರತಿ ಸಾಲೂ ಇನ್ನಷ್ಟು ಹೊತ್ತು ನಿಲ್ಲುವಂತೆ ಮಾಡಿದಳು. ಅಷ್ಟರಲ್ಲಿ ಶಿವಾನಿ ಚಹಾ ತಂದಳು. ಈ ಸಲ ಕೆಂಪವ್ವ ಕೊನೆತನಕ ಓದಿದಳು. ಆಮೇಲೆ ಸೊಸೆಯ ಕಡೆ ತಿರುಗಿ, ಹೊಸ ಸಸಿಗಳಿಗೆ ಏನು ಹೊಡೆಯಬೇಕು, ಏನು ಹೊಡೆಯಬಾರದು ಎಂಬುದನ್ನು ತಾನೇ ಬಿಡಿಸಿ ಹೇಳತೊಡಗಿದಳು.