ಮುಳ್ಳುಗಿಡಕ್ಕೆ ಎರೆದ ಪೂಜೆಯ ನೀರು

ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಒಂದೇ ಒಂದು ಕುಂಡವಿದೆ. ಅದರಲ್ಲಿದ್ದದ್ದು ಮುಳ್ಳುಗಿಡ. ಬೆರಳುಗಾತ್ರದ ಬೂದು ಟೊಂಗೆಗಳು, ಮೈತುಂಬ ಸೂಜಿಯಂಥ ಮುಳ್ಳು, ತುದಿಯಲ್ಲಿ ಒಂದಿಷ್ಟು ಎಲೆ, ವರ್ಷವಿಡೀ ಜೋಡಿ ಎಸಳಿನ ಕೆಂಪು ಹೂ. ಟೊಂಗೆಯೊಳಗೇ ನೀರು ಕೂಡಿಟ್ಟುಕೊಂಡು ಬದುಕುವ ಜಾತಿ. ನರ್ಸರಿಯವರು ಅದಕ್ಕೆ ಉದ್ದನೆಯದೊಂದು ಹೆಸರು ಹೇಳುತ್ತಾರೆ. ನಮಗೆ ಅದು ಬರೀ ‘ಅವಳ ಗಿಡ’.

ಅವಳೆಂದರೆ ನನ್ನ ಅಕ್ಕನ ಒಬ್ಬಳೇ ಮಗಳು. ಹಡಗಲಿಗೆ ಮದುವೆ ಮಾಡಿಕೊಟ್ಟಿದ್ದೆವು. ಮೊದಲ ಸಲ ತವರಿಗೆ ಬಂದಾಗ ಕೈಚೀಲದಲ್ಲಿ ಹಳೆಯ ಬಟ್ಟೆ ಸುತ್ತಿದ ಟೊಂಗೆಯೊಂದನ್ನು ತಂದಳು.

“ಹಡಗಲಿಯಿಂದ ಬರೋರು ಮಲ್ಲಿಗಿ ತರ್ತಾರ. ನೀ ಮುಳ್ಳು ತಂದೀಯಲ್ಲ ಲೇ!” ಎಂದು ಕಾಡಿಸಿದೆ.

“ಮಲ್ಲಿಗಿ ಸಂಜಿಗೇ ಬಾಡತೈತಿ ಮಾಮ. ಇದಕ್ಕ ನೀರು ಹಾಕೋದು ಮರೆತ್ರೂ ಬದುಕತೈತಿ. ನಿಮ್ಮಂಗ ಐತಿ ನೋಡ್ರಿ, ಮೈತುಂಬ ಮುಳ್ಳು.”

ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು.

ಆ ಹುಡುಗಿ ತೀರಿಕೊಂಡು ಎರಡು ಬೇಸಿಗೆ ಕಳೆದವು. ಕಾಯಿಲೆಯ ವಿಷಯ ಇಲ್ಲಿ ಬೇಡ. ಅವಳ ಸೀರೆ, ಪಾತ್ರೆ ಎಲ್ಲ ಹಡಗಲಿಯಲ್ಲೇ ಉಳಿದವು. ನಮ್ಮಲ್ಲಿ ಉಳಿದದ್ದು ಈ ಗಿಡ. ಎದುರುಮನೆಯಾಕೆ ಒಮ್ಮೆ, “ಮುಳ್ಳಿನ ಗಿಡ ಬಾಗಿಲ ಮುಂದ ಇಟ್ರ ಮನಿಗೆ ಕೇಡು ಅಂತಾರ್ರಿ ಯಕ್ಕಾ” ಎಂದಳು. “ಇನ್ನ ಏನು ಕೆಡಬೇಕಾಗೈತೆವ್ವಾ?” ಎಂದು ಅಕ್ಕ ಕೇಳಿದ ಮೇಲೆ ಆಕೆ ಆ ಮಾತೆತ್ತಲಿಲ್ಲ.

ಗಿಡದ ಆರೈಕೆ ನನ್ನದು. ವಸತಿ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು. ಗಂಟೆ ಹೊಡೆಯುವವರು ಈಗ ಇಲ್ಲದಿದ್ದರೂ ದಿನಚರಿ ಬಿಟ್ಟಿಲ್ಲ. ಭಾನುವಾರ ಮಣ್ಣಿಗೆ ಬೆರಳಿಟ್ಟು ನೋಡುವುದು, ಒಣಗಿದ್ದರೆ ಅರ್ಧ ತಂಬಿಗೆ ನೀರು, ಕುಂಡವನ್ನು ಸ್ವಲ್ಪ ತಿರುಗಿಸಿಡುವುದು. ಅಷ್ಟೇ. ಹೆಚ್ಚಿಗೆ ಮಾಡಿದರೆ ಆ ಗಿಡಕ್ಕೆ ಆಗುವುದಿಲ್ಲ.

ಈ ಸಲದ ಚಳಿ ಮುಗಿಯುವ ಹೊತ್ತಿಗೆ ಎಲೆಗಳು ಹಳದಿಯಾಗಿ ಉದುರತೊಡಗಿದವು. ಭಾನುವಾರ ಬೆರಳಿಟ್ಟರೆ ಮಣ್ಣು ಹಸಿ. ನೀರು ಹಾಕಲಿಲ್ಲ. ಮುಂದಿನ ಭಾನುವಾರವೂ ಹಸಿಯೇ. ಮಳೆ ಬಂದಿರಲಿಲ್ಲ. ಮಾರನೆಯ ದಿನ ಸ್ಟೇಷನ್ ಕಡೆಗೆ ವಾಕಿಂಗ್ ಹೋಗುವುದನ್ನು ಬಿಟ್ಟು ಒಳಗಿನ ಕಿಟಕಿಯ ಬಳಿ ಕುಳಿತೆ.

ಲಿಂಗಪೂಜೆ ಮುಗಿಸಿದ ಅಕ್ಕ ತಾಮ್ರದ ಬಟ್ಟಲು ಹಿಡಿದು ಬಂದಳು. ಪೂಜೆಯ ನೀರನ್ನು ಮುಳ್ಳುಗಿಡದ ಬುಡಕ್ಕೆ ಸಣ್ಣಗೆ ಎರೆದಳು. ಒಳಗೆ ಹೋಗಿ ಇನ್ನೊಂದು ಬಟ್ಟಲು ತಂದು ಎರೆದಳು.

ನಾನು ಎದ್ದು ಕಟ್ಟೆಗೆ ಬಂದೆ. “ದಿನಾ ಇಲ್ಲೇ ಹಾಕ್ತೀಯೇನಕ್ಕಾ?”

“ಮತ್ತೆಲ್ಲಿ ಹಾಕ್ಲೋ ತಮ್ಮಾ? ಪತ್ರಿ ಗಿಡ ಕಡಿದ್ರಲ್ಲ. ಉಳಿದಿದ್ದೆಲ್ಲ ತುಳಿಯೋ ಜಾಗ.”

ಅದೂ ನಿಜ. ಪೂಜೆಯ ನೀರು ಕಾಲಿಗೆ ಸಿಗಬಾರದು. ಅವಳು ಅದನ್ನು ಹಿತ್ತಲಿನ ಬಿಲ್ವಪತ್ರೆ ಗಿಡಕ್ಕೆ ಹಾಕುತ್ತಿದ್ದಳು. ಹಿತ್ತಲು ದಾಯಾದಿಗಳ ಪಾಲಿಗೆ ಹೋಗಿ, ಅವರು ಅದೇ ಚಳಿಗಾಲದಲ್ಲಿ ಮಳಿಗೆ ಕಟ್ಟಲು ಆ ಗಿಡ ಕಡಿಸಿದರು. ನಮ್ಮ ಪಾಲಿನ ನೆಲವೆಲ್ಲ ಸಿಮೆಂಟು.

“ಮುಳ್ಳಿನ ಬುಡಕ್ಕ ಯಾರ ಕಾಲೂ ತಾಗಂಗಿಲ್ಲ. ಅಕಿ ಗಿಡ ಬ್ಯಾರೆ,” ಎಂದಳು ಅಕ್ಕ. “ಎಲಿ ಉದುರಾಕ ಹತ್ಯಾವಲ್ಲ, ನೀರು ಸಾಲವಲ್ದು ಅಂತ ಈಗ ಜಾಸ್ತಿನೇ ಹಾಕ್ತೀನಿ.”

ನಾನು ಬುಡವನ್ನು ಒತ್ತಿ ನೋಡಿದೆ. ಹೆಬ್ಬೆರಳು ಒಳಗೆ ಇಳಿಯಿತು.

“ನೀರಿಗೇ ಕೊಳತೈತಿ ಅಕ್ಕಾ.”

“ಪೂಜಿ ನೀರಿಗೂ?”

“ಗಿಡಕ್ಕ ಎಲ್ಲಾ ನೀರೂ ಒಂದ.”

ಅವಳು ಬಟ್ಟಲನ್ನು ಸೆರಗಿನಿಂದ ಒರೆಸುತ್ತ ನಿಂತಳು. ಒರೆಸಿದ್ದನ್ನೇ ಒರೆಸಿದಳು.

ಈ ಜಾತಿಯ ಗಿಡ ಕೊಯ್ದರೆ ಬಿಳಿ ಹಾಲು ಬರಬೇಕು. ಹಾಲಿದ್ದರೆ ಜೀವವಿದೆ. ಚಾಕು ತಂದು ಬುಡದಿಂದ ಮೇಲಕ್ಕೆ ಕೊಯ್ಯುತ್ತ ಹೋದೆ. ಒಳಗೆಲ್ಲ ಕಂದು, ಹಾಲಿಲ್ಲ. ಇನ್ನೂ ಮೇಲೆ ಕೊಯ್ದೆ, ಅಲ್ಲಿಯೂ ಕಂದು. ಅಕ್ಕ ಎದುರಿಗೆ ಕುಳಿತು ಪ್ರತಿ ತುಂಡನ್ನೂ ಕೈಗೆ ತೆಗೆದುಕೊಂಡು ನೋಡಿದಳು. ಕೆಲವು ತುದಿಗಳಲ್ಲಿ ಮಾತ್ರ ಹಾಲು ಜಿನುಗಿತು. ಅವನ್ನು ಗಾಯ ಒಣಗುವವರೆಗೂ ನೆರಳಲ್ಲಿಟ್ಟು, ಹೊಸ ಉಸುಕು ತುಂಬಿದ ಕುಂಡದಲ್ಲಿ ಊರಿದೆ. ಒಂದನ್ನುಳಿದು ಎಲ್ಲವೂ ಸುಕ್ಕಾಗಿ ಒಣಗಿದವು.

ಆಮೇಲೆ ದಿನವೂ ಪೂಜೆ ಮುಗಿಸಿ ಅಕ್ಕ ಬಟ್ಟಲು ಹಿಡಿದು ಕಟ್ಟೆಗೆ ಬರುವಳು. “ಒಂದೀಟು ಹಾಕ್ಲೇನೋ?” ಎನ್ನುವಳು. “ಬ್ಯಾಡಕ್ಕಾ, ಬೇರು ಹಿಡೀಲಿ” ಎನ್ನುವೆ. ಅವಳು ಅಲ್ಲೇ ನಿಂತು ಬಟ್ಟಲಿನ ನೀರನ್ನೆಲ್ಲ ತಾನೇ ಕುಡಿದು ಒಳಗೆ ಹೋಗುವಳು. ಮೊದಲು ಅವಳು ಕಣ್ಣಿಗೊತ್ತಿಕೊಂಡು ಒಂದು ಗುಟುಕು ಮಾತ್ರ ಕುಡಿಯುತ್ತಿದ್ದಳು.

ಈ ಭಾನುವಾರ ಆ ಒಂದು ಟೊಂಗೆಯನ್ನು ಮೆಲ್ಲಗೆ ಎಳೆದು ನೋಡಿದೆ. ಹಿಡಿತವೇ ಇರಲಿಲ್ಲ, ಕೈಗೇ ಬಂತು. ಬೇರಿಲ್ಲ, ತಳ ಕಪ್ಪಾಗಿದೆ. ಉಗುರಿನಿಂದ ಕೆರೆದೆ. ಹಾಲು ಬರಲಿಲ್ಲ. ಒಳಗೆ ಪೂಜೆಯ ಗಂಟೆ ನಿಂತಿತು. ಟೊಂಗೆಯನ್ನು ಅದೇ ಜಾಗದಲ್ಲಿ ಊರಿ, ಸುತ್ತ ಉಸುಕು ಒತ್ತಿ, ವಾಲದಂತೆ ನೆಟ್ಟಗೆ ನಿಲ್ಲಿಸಿದೆ.

ಅಕ್ಕ ಬಂದಳು.

“ಇವತ್ತರ ಒಂದೀಟು ಹಾಕ್ಲೇನೋ?”

“ಹಾಕಕ್ಕಾ,” ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ, ಬಟ್ಟಲಿನ ನೀರನ್ನು ಕೊನೆಯ ಹನಿಯವರೆಗೂ ಎರೆದಳು.