ಬೇರೆ ಬಣ್ಣದ ಅಂಗಿ

ನಮ್ಮ ಅಣ್ಣನ ಪ್ರಕಾರ ವಾಲಿಬಾಲ್ ಅಂದರೆ ಹೊಡೆಯುವುದು. ನೆಟ್ ಪಕ್ಕ ಒಬ್ಬ ಚೆಂಡು ಮೇಲಕ್ಕೆ ಹಾಕಿಕೊಡಬೇಕು, ಇನ್ನೊಬ್ಬ ಹಾರಿ ಎದುರಿನವರ ಎದೆ ನಡುಗುವಂತೆ ಬಡಿಯಬೇಕು. ಉಳಿದವರು ಲೆಕ್ಕಕ್ಕಿಲ್ಲ. ಸಿರುಗುಪ್ಪ ತಾಲ್ಲೂಕಿನ ನಮ್ಮ ದೇಶನೂರಿನಲ್ಲಿ ಕಾಲುವೆ ಪಕ್ಕದ ಕಣದಲ್ಲಿ ಈಗಲೂ ದಿನಾ ಸಂಜೆ ಆಟ ನಡೆಯುತ್ತದೆ. ಅಲ್ಲಿ ಪುಸ್ತಕದ ನಿಯಮ ನಡೆಯುವುದಿಲ್ಲ. ಪಾಯಿಂಟ್ ಬಂದಾಗ ಜಾಗ ಬದಲಾಯಿಸುವ ಪದ್ಧತಿಯೇ ಇಲ್ಲ. ಹೊಡೆಯುವವನು ಕೊನೆತನಕ ಹೊಡೆಯುವವನೇ, ಹಿಂದೆ ನಿಂತವನು ಕೊನೆತನಕ ಹಿಂದೆಯೇ. ಆಟ ಬಾರದವನು, ಹೊಟ್ಟೆ ಬಂದವನು, ಊರಿಗೆ ಬಂದ ಬೀಗರು, ಇಂಥವರನ್ನು ಹಿಂದೆ ನಿಲ್ಲಿಸುತ್ತಾರೆ. ನಮ್ಮೂರಲ್ಲಿ ಯಾರನ್ನಾದರೂ ‘ಹಿಂದಿನವ’ ಅಂದರೆ ಅದು ಬೈದಂತೆ. ಅಣ್ಣನಿಗೆ ಐವತ್ತು ದಾಟಿ, ಮೀಸೆ ಬೆಳ್ಳಗಾದರೂ ನೆಟ್ ಬಿಟ್ಟು ಕದಲಿರಲಿಲ್ಲ.

ಇಂಥವನ ಮಗಳು ಭಾರತದ ಜೂನಿಯರ್ ಹುಡುಗಿಯರ ತಂಡಕ್ಕೆ ಆಯ್ಕೆಯಾದಳು, ಹೊರದೇಶದಲ್ಲಿ ನಡೆಯುವ ಪಂದ್ಯಾವಳಿಗೆ. ಅಣ್ಣನ ಕಾಲು ನೆಲದ ಮೇಲಿರಲಿಲ್ಲ. ಭತ್ತ ಹಾಕಲು ಸಿರುಗುಪ್ಪದ ಯಾವ ರೈಸ್ ಮಿಲ್ಲಿಗೆ ಹೋದರೂ ಅದೇ ಮಾತು: “ನನ್ ಮಗಳ ಹೊಡ್ತ ನೋಡ್ರಿ ನೀವು, ಟೀವ್ಯಾಗ ಬರತೈತಿ!”

ತೊಂದರೆ ಏನೆಂದರೆ, ಮಗಳು ಹೊಡೆಯುವುದನ್ನು ಬಿಟ್ಟು ವರ್ಷದ ಮೇಲಾಗಿತ್ತು. ಅದು ನನಗೆ ಮಾತ್ರ ಗೊತ್ತಿತ್ತು.

ನಾನು ಕುರುಗೋಡಿನ ಒಂದು ಶಾಲೆಯಲ್ಲಿ ಆಟದ ಟೀಚರು, ಮನೆ ಬಳ್ಳಾರಿಯಲ್ಲಿ. ಸೀಟಿ ಕೊರಳಲ್ಲಿ, ಸಿಟ್ಟು ಮೂಗಿನ ತುದಿಯಲ್ಲಿ, ಎರಡೂ ಯಾವಾಗಲೂ ತಯಾರು. ಹೈಸ್ಕೂಲಿಗೆಂದು ನನ್ನ ಮನೆಗೆ ಬಂದ ಅಣ್ಣನ ಮಗಳನ್ನು ಬೆಳಗಾಗುವುದರೊಳಗೆ ಎಬ್ಬಿಸಿ ಮೈದಾನಕ್ಕೆ ಅಟ್ಟಿದವಳೇ ನಾನು. ಬಳ್ಳಾರಿಯ ಗರಸು ನೆಲಕ್ಕೆ ಬಿದ್ದು ಬಿದ್ದು ಮಗುವಿನ ಮೊಣಕಾಲು ಹಣ್ಣಾಗುತ್ತಿದ್ದವು. ಪಕ್ಕದ ಮನೆಯ ಆಪಾ ಜೀನ್ಸ್ ಪ್ಯಾಂಟು ಹೊಲಿಯುವವರು. ನಮ್ಮ ಗಲ್ಲಿಯಲ್ಲಿ ಹೊಲಿಗೆ ಮಿಷನ್ ಸದ್ದಿಲ್ಲದ ಮನೆ ಹುಡುಕಬೇಕು. ಅವರು ಒಂದಿನ ಹುಡುಗಿಯ ಕಾಲು ನೋಡಿ, “ಯಾ ಅಲ್ಲಾ, ಟೀಚರ್, ನಿಮಗ ಕರುಳಿಲ್ಲೇನ್ರೀ?” ಎಂದು ನನ್ನನ್ನೇ ಬೈದು, ಕತ್ತರಿಸಿ ಉಳಿದ ಜೀನ್ಸ್ ತುಂಡಿನೊಳಗೆ ಸ್ಪಂಜು ಇಟ್ಟು ಮೊಣಕಾಲಿಗೆ ಪಟ್ಟಿ ಹೊಲಿದುಕೊಟ್ಟರು. ಆ ಪಟ್ಟಿ ಕಟ್ಟಿಕೊಂಡೇ ಅವಳು ಜಿಲ್ಲೆಗೆ ಆಡಿದಳು, ರಾಜ್ಯಕ್ಕೆ ಆಡಿದಳು.

ಆಗೆಲ್ಲ ಅವಳು ಹೊಡೆಯುವವಳೇ. ಆದರೆ ನಮ್ಮ ಹುಡುಗಿ ಗಿಡ್ಡ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವುದೆಲ್ಲ ಸರಿ, ನೆಟ್ ಅದನ್ನು ಕೇಳಬೇಕಲ್ಲ! ಮೇಲಿನ ಶಿಬಿರಕ್ಕೆ ಹೋದಾಗ ಅಲ್ಲಿನ ತರಬೇತುದಾರರು ಅವಳನ್ನು ಲಿಬೆರೊ ಮಾಡಿದರು. ಲಿಬೆರೊ ಅಂದರೆ ಹಿಂದಿನ ಸಾಲಿನಲ್ಲಿ ಮಾತ್ರ ಆಡುವವಳು. ಅವಳು ನೆಟ್ಟಿನ ಮೇಲಿಂದ ಹೊಡೆಯುವಂತಿಲ್ಲ. ಎದುರಿನವರು ಬಡಿದ ಚೆಂಡು ನೆಲಕ್ಕೆ ಬೀಳದಂತೆ ಎತ್ತುವುದು ಅವಳ ಕೆಲಸ. ರೆಫರಿಗೆ ಗುರುತು ಸಿಗಲೆಂದು ಅವಳೊಬ್ಬಳಿಗೆ ಬೇರೆ ಬಣ್ಣದ ಅಂಗಿ. ನನಗೇ ಸ್ವಲ್ಪ ಕಸಿವಿಸಿಯಾಗಿ, ಬೇಜಾರಾಯಿತೇನೇ ಎಂದು ಕೇಳಿದೆ.

“ಇಲ್ಲ ಅತ್ತಿ, ನನಗ ಇದ ಚಲೋ ಅನ್ನಸ್ತೈತಿ. ಪಾಯಿಂಟ್ ಬಂತು ಅಂತ ಅವ್ರು ಕೈ ಎತ್ತಿರ್ತಾರ, ಅಷ್ಟ್ರಾಗ ನಾ ಚೆಂಡ್ ಎತ್ತಿಬಿಡ್ತೀನಿ. ಆವಾಗ ಅವ್ರ ಮಾರಿ ನೋಡ್ಬೇಕು ನೀನು!” ಎಂದು ನಕ್ಕಳು. ಆಮೇಲೆ ದನಿ ಇಳಿಸಿ, “ಅಪ್ಪಗ ನೀನ ಹೇಳು. ನನಗ ಅಂಜಿಕಿ ಬರತೈತಿ,” ಎಂದಳು.

ಇವತ್ತು ನಾಳೆ ಎಂದು ವರ್ಷ ತಳ್ಳಿ, ಅವಳು ಭಾರತ ತಂಡಕ್ಕೆ ಆಯ್ಕೆಯಾದ ಮೇಲೆ ಹೇಳಲು ಹೋದೆ. ಅಣ್ಣ ಊಟಕ್ಕೆ ಕೂತಿದ್ದ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದ.

“ಹಿಂದ ನಿಲ್ಲಿಸ್ಯಾರ? ನನ್ ಮಗಳನ್ನ?”

“ಹಂಗಲ್ಲೋ ಅಣ್ಣಾ, ಅದು ಬಾಳ ದೊಡ್ಡ ಜಾಗ...”

“ಮ್ಯಾಲ ಅಂಗೀನೂ ಬ್ಯಾರೆ! ಎಲ್ಲಾರಿಗೂ ಒಂದು, ಈಕಿಗೊಂದು. ಪಂಕ್ತ್ಯಾಗ ಬ್ಯಾರೆ ತಾಟು ಇಟ್ಟಂಗ. ಕರಕೊಂಡು ಹೋಗಿ ಅಪಮಾನ ಮಾಡ್ಯಾರ, ಗೊತ್ತಾಗಂಗಿಲ್ಲೇನು ನಿನಗ? ನಾ ನೋಡಂಗಿಲ್ಲ ಅದನ್ನ.”

ನನಗೂ ನೆತ್ತಿಗೇರಿತು. “ಎಣ್ಣಿ ಬಂದಾಗ ಕಣ್ಣು ಮುಚ್ಚಿಕೊಂಡ್ರಂತ! ಊರ ಕಣದಾಗ ಕುಣಿಯೋ ಆಟ ಅನ್ಕಂಡೀಯೇನು ನೀನು? ನೋಡ್ಬ್ಯಾಡ ಹೋಗು!” ಎಂದು ಸ್ಕೂಟಿ ಹತ್ತಿ ಸಿರಿಗೇರಿ ದಾಟುವವರೆಗೂ ಒಬ್ಬಳೇ ಬೈಯುತ್ತಾ ಬಂದೆ.

ವಿಮಾನ ಹತ್ತುವ ಮುಂಚೆ ಹುಡುಗಿ ಫೋನ್ ಮಾಡಿದಳು. ಬೇರೇನೂ ಕೇಳಲಿಲ್ಲ. “ಅಪ್ಪ ನೋಡ್ತಾನಂತೇನು?” ಎಂದಳು.

“ನಾ ನೋಡ್ತೀನಲ್ಲವ್ವ,” ಎಂದೆ.

“ನೀ ಹೆಂಗಿದ್ರೂ ನೋಡ್ತಿ ಬಿಡತ್ತಿ. ಅಪ್ಪ ನೋಡ್ಬೇಕು.”

ನನಗೆ ಕೆಟ್ಟನಿಸಿತು. ಇಷ್ಟು ವರ್ಷ ಎಬ್ಬಿಸಿದ್ದು, ಅಟ್ಟಿದ್ದು ನಾನು. ಆದರೆ ಅವಳ ಮಾತು ನಿಜ. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಆ ಕಣಕ್ಕೆ ಹೋದ ಹುಡುಗಿ ಅದು. ಅವಳಿಗೆ ಪದಕಕ್ಕಿಂತ ಅಪ್ಪನ ಕಣ್ಣು ಬೇಕಿತ್ತು.

ನಮ್ಮ ತಂಡ ಮೂರನೇ ಸ್ಥಾನಕ್ಕೆ ಆಡುವ ದಿನ ಭಾನುವಾರ. ಮಧ್ಯಾಹ್ನದ ಆಟ. ಆಪಾ ನಾನೂ ಬರುತ್ತೇನೆಂದು ಹಟ ಹಿಡಿದು ಸ್ಕೂಟಿಯ ಹಿಂದೆ ಕೂತರು. ದೇಶನೂರಿಗೆ ಹೋದರೆ ಅತ್ತಿಗೆ ಆಗಲೇ ಟೀವಿ ಹಚ್ಚಿಕೊಂಡು ಕೂತಿದ್ದಳು. ಅಣ್ಣ ಹೊರಗಿನ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ, ಗದ್ದೆಗೆ ಔಷಧಿ ಹೊಡೆಯುವ ಪಂಪನ್ನು ಬಿಚ್ಚಿ ಹರಡಿಕೊಂಡಿದ್ದ. ಚೆನ್ನಾಗಿದ್ದ ಪಂಪದು. ನಾನು ಅವನನ್ನು ದಾಟಿ ಒಳಗೆ ಹೋದೆ.

ಎದುರು ತಂಡದ ದೇಶದ ಹೆಸರು ಅತ್ತಿಗೆಯ ಬಾಯಿಗೆ ಕೊನೆತನಕ ಬರಲಿಲ್ಲ. “ಆ ಉದ್ದನೇರು” ಎಂದಳು, ನಮಗೂ ಅದೇ ಸಾಕಾಯಿತು. ಉದ್ದನೆಯವರು ನಿಜಕ್ಕೂ ಉದ್ದ. ನಮ್ಮ ಹುಡುಗಿ ಅವರ ಭುಜಕ್ಕೂ ಬರುತ್ತಿರಲಿಲ್ಲ. ನಮ್ಮವರೆಲ್ಲ ನೀಲಿ ಅಂಗಿಯಲ್ಲಿ, ಅವಳೊಬ್ಬಳೇ ಕಿತ್ತಳೆ ಅಂಗಿಯಲ್ಲಿ. ಟೀವಿಯಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ.

“ಹೆಂಗ್ ಬಗ್ಗ್ಯಾಳ ನೋಡು, ನಾಟಿ ಹಚ್ಚಾಕ ನಿಂತಂಗ,” ಎಂದಳು ಅತ್ತಿಗೆ. ಹತ್ತಾರು ವರ್ಷ ಭತ್ತದ ಗದ್ದೆಯಲ್ಲಿ ಬಗ್ಗಿದವಳಿಗೆ ಆ ನಿಲುವು ಕಂಡ ಕೂಡಲೇ ಅರ್ಥವಾಗಿತ್ತು.

ಆಪಾ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, “ನಾ ಹೊಲದಿದ್ದು ಎಲ್ಲಿ?” ಎಂದರು.

“ಅಲ್ಲಿ ಬ್ಯಾರೆ ಕೊಡ್ತಾರ ಆಪಾ, ಕಂಪನಿದು.”

“ಹೊಲಿಗಿ ಬಿಡತೈತಿ ನೋಡ್ತಿರ್ರಿ ಅದು,” ಎಂದು ಮುಖ ತಿರುವಿ ಕೂತರು.

ಎರಡು ಸೆಟ್ ಅವರಿಗೆ, ಎರಡು ಸೆಟ್ ನಮಗೆ. ಐದನೆಯದು ಶುರುವಾಯಿತು. ಉದ್ದನೆಯವರಲ್ಲಿ ಜಡೆಯವಳು ಒಬ್ಬಳಿದ್ದಳು, ಮಹಾತಾಯಿ! ಅವಳು ಬಡಿದರೆ ನಮ್ಮ ಟೀವಿಯೇ ಅದುರಿದಂತಾಗುತ್ತಿತ್ತು. ಹೊಡೆತದ ಸದ್ದು ಅಂದರೆ ಅಣ್ಣನ ಕಿವಿ ನಿಮಿರದೆ ಇರುತ್ತದೆಯೇ? ಕಟ್ಟೆಯ ಮೇಲಿಂದ, ತಲೆ ತಿರುಗಿಸದೆಯೇ ಕೇಳಿದ:

“ಯಾರ್ದು ಹೊಡ್ತ?”

“ಅವ್ರದು,” ಎಂದಳು ಅತ್ತಿಗೆ.

“ಪಾಯಿಂಟ್ ಹೋತೇನು?”

“ಇಲ್ಲ. ಎತ್ತಿದ್ರು.”

“ಯಾರು ಎತ್ತಿದ್ದು?”

“ನಿಮ್ ಮಗಳು.”

ಪಾನಾ ಹಾಕಿ ಪಂಪಿನ ನಟ್ಟು ತಿರುಗಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಸದ್ದು.

“ಈಗ?”

“ಎತ್ತಿದ್ರು.”

“ಯಾರು?”

“ನಿಮ್ ಮಗಳ ರೀ. ಇನ್ಯಾರು?”

ಮತ್ತೊಮ್ಮೆ ಸದ್ದಾದಾಗ ಅವನು ಕೇಳಲಿಲ್ಲ. ನಾನು ತಿರುಗಿ ನೋಡಿದರೆ ಪಾನಾ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತಿದ್ದ. ಬಾ ಒಳಗೆ ಅನ್ನಲು ನನ್ನ ಬಾಯಿಗೆ ಬಂತು. ಅಂದರೆ ಹೋಗಿಬಿಡುತ್ತಾನೆಂದು ನಾಲಿಗೆ ಕಚ್ಚಿಕೊಂಡೆ.

ಇನ್ನೊಂದು ಪಾಯಿಂಟ್ ಬಂದರೆ ಆಟ ನಮ್ಮದು. ಜಡೆಯವಳು ಹೊಡೆದಳು, ನಮ್ಮ ಹುಡುಗಿ ಎತ್ತಿದಳು. ನಮ್ಮವರು ಆ ಕಡೆ ದಾಟಿಸಿದರು. ಅವಳು ಮತ್ತೆ ಹೊಡೆದಳು, ಇವಳು ಎದೆಯ ಮೇಲೆ ತೆಗೆದುಕೊಂಡಂತೆ ಎತ್ತಿದಳು. ಮೂರನೇ ಸಲ ಆ ಜಾಣೆ ಹೊಡೆಯುವಂತೆ ಮಾಡಿ, ಬೆರಳ ತುದಿಯಿಂದ ಚೆಂಡನ್ನು ಮೆಲ್ಲಗೆ ನಮ್ಮ ಕಡೆಯ ನೆಟ್ ಬುಡಕ್ಕೆ ಬಿಟ್ಟಳು. ಹೋಯಿತು ಎಂದು ನಾನು ಕಣ್ಣು ಮುಚ್ಚಿದೆ. ಆಪಾ ಕಿರುಚಿದ್ದಕ್ಕೆ ತೆರೆದೆ. ಹುಡುಗಿ ಉದ್ದಕ್ಕೆ ನೆಲದ ಮೇಲೆ ಬಿದ್ದಿದ್ದಳು, ಚಾಚಿದ ಅಂಗೈ ನೆಲಕ್ಕೆ ಅಂಟಿತ್ತು, ಆ ಕೈಯ ಹಿಂಬದಿಗೆ ಬಿದ್ದ ಚೆಂಡು ಮೇಲಕ್ಕೆದ್ದಿತ್ತು. ನೀಲಿ ಅಂಗಿಯವಳೊಬ್ಬಳು ಅದನ್ನು ಹಾಕಿಕೊಟ್ಟಳು, ಇನ್ನೊಬ್ಬಳು ಹಾರಿ ಹೊಡೆದಳು. ಗೆದ್ದೆವು!

ಅತ್ತಿಗೆ ಅಳುತ್ತಿದ್ದಳು, ಆಪಾ ದುವಾ ಮಾಡುತ್ತಿದ್ದರು, ನಾನು ಏನು ಮಾಡುತ್ತಿದ್ದೆನೋ ನನಗೇ ನೆನಪಿಲ್ಲ. ಟೀವಿಯಲ್ಲಿ ನೀಲಿ ಅಂಗಿಯವರೆಲ್ಲ ಓಡಿ ಬಂದು ಕಿತ್ತಳೆ ಅಂಗಿಯವಳನ್ನು ಮೇಲಕ್ಕೆತ್ತಿದರು.

“ಹೊಡದಾಕಿನ್ನ ಬಿಟ್ಟು ಈಕಿನ್ನ ಯಾಕ ಎತ್ತ್ಯಾರ?” ಎಂದ ಅಣ್ಣ ಹಿಂದಿನಿಂದ. ಕುಹಕವಲ್ಲ, ನಿಜವಾಗಿಯೂ ಕೇಳಿದ.

“ಈಕಿ ಎತ್ತಿದ್ಲಂತ ಆಕಿ ಹೊಡದ್ಲು,” ಎಂದಳು ಅತ್ತಿಗೆ, ಸೆರಗಿನಿಂದ ಕಣ್ಣೊರೆಸುತ್ತ.

ಅಣ್ಣ ಪಾನಾವನ್ನು ಕಟ್ಟೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನನ್ನ ಸಿಟ್ಟು ಮತ್ತೆ ಏರಿತು. ದೇಶಕ್ಕೆ ಪದಕ ತಂದ ಮಗಳಿಗೆ ಶಭಾಷ್ ಅನ್ನಲು ಬಾಯಿ ಸವೆಯುತ್ತದೆಯೇ? ಆ ಸಿಟ್ಟಿನಲ್ಲಿ ಅತ್ತಿಗೆ ಮಾಡಿದ ಒಗ್ಗರಣೆ ಮಂಡಕ್ಕಿಯ ಜೊತೆ ಮಿರ್ಚಿಯನ್ನು ಎಷ್ಟು ತಿಂದೆನೋ, ಹೊಟ್ಟೆ ಎಲ್ಲ ಉರಿ.

ಸಂಜೆ ಹುಡುಗಿಯ ವಿಡಿಯೊ ಕಾಲ್ ಬಂತು. ಕೊರಳಲ್ಲಿ ಪದಕ, ಮೈಮೇಲೆ ಇನ್ನೂ ಅದೇ ಕಿತ್ತಳೆ ಅಂಗಿ. ಅವ್ವನ ಜೊತೆ ಒಂದೆರಡು ಮಾತಾಡಿ, ನನ್ನನ್ನು ಕೇಳಿದಳು, “ಅತ್ತಿ, ಅಪ್ಪ ನೋಡಿದ್ನಾ?”

“ನೋಡಿದ.”

“ಏನಂದ?”

“ತಡಿ, ಅವನ್ನ ಕೇಳು,” ಎಂದು ಫೋನು ಹಿಡಿದುಕೊಂಡು ಕಾಲುವೆ ಕಡೆ ನಡೆದೆ. ಎಲ್ಲಿರುತ್ತಾನೆಂದು ಗೊತ್ತಿತ್ತು. ಈಗಲೂ ನೆಟ್ ಪಕ್ಕ ಹಾರುತ್ತಿದ್ದರೆ ಎಲ್ಲರೆದುರೇ ಬೈಯಬೇಕೆಂದುಕೊಂಡಿದ್ದೆ. ಆಪಾ ನನ್ನ ಹಿಂದೆಯೇ ಬಂದರು.

ಕಣದಲ್ಲಿ ಆಟ ನಡೆದಿತ್ತು. ನೆಟ್ ಪಕ್ಕ ಅಣ್ಣ ಇರಲಿಲ್ಲ. ಅವನ ಜಾಗದಲ್ಲಿ ಬೇರೆ ಯಾರೋ ನಿಂತು, ಹಿಂದಕ್ಕೆ ತಿರುಗಿ, “ಮಾವಾ, ಇದೇನು ಸೋಗು? ಮುಂದ ಬಾ!” ಎನ್ನುತ್ತಿದ್ದ.

“ನೀ ಆಡಲೇ ಸುಮ್ನ,” ಎಂದ ಅಣ್ಣ. ಅವನು ಎಲ್ಲರಿಗಿಂತ ಹಿಂದೆ, ಬೀಗರು ನಿಲ್ಲುವ ಜಾಗದಲ್ಲಿ, ಪಂಚೆ ಎತ್ತಿ ಕಟ್ಟಿ ಅರ್ಧ ಬಗ್ಗಿ ನಿಂತಿದ್ದ. ನಾನು ಬೈಯುವುದನ್ನು ಬಿಟ್ಟು ಫೋನನ್ನು ಅವನ ಕಡೆ ತಿರುಗಿಸಿ ಹಿಡಿದೆ.

ಮೊದಲ ಚೆಂಡು ಅವನ ಕೈಗೆ ಬಡಿದು ಕಾಲುವೆಗೆ ಹೋಯಿತು. ತಂದು ಮತ್ತೆ ಆಡಿದರು. ಎರಡನೆಯದಕ್ಕೆ ಮುಂದೆ ಜಿಗಿದವನು ಮುಖ ಅಡಿಯಾಗಿ ದಬ್ ಎಂದು ಬಿದ್ದ. ಚೆಂಡು ಪಕ್ಕದಲ್ಲೇ ಬಿತ್ತು. ಕಣವೆಲ್ಲ ನಕ್ಕಿತು.

“ನಾಳಿಗೆ ಇವ್ರಿಗೂ ಒಂದ್ ಜೊತಿ ಪಟ್ಟಿ ಹೊಲಿಬೇಕು,” ಎಂದರು ಆಪಾ.

ಫೋನಿನಲ್ಲಿ ನೋಡಿದರೆ ಹುಡುಗಿ ಪದಕವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು, ನಗುತ್ತಲೂ ಇದ್ದಳು. “ಅತ್ತಿ... ಅಪ್ಪ ಹಿಂದ ನಿಂತಾನ,” ಎಂದಳು.

ಅಣ್ಣ ನಮ್ಮನ್ನು ಕಂಡು ಕುಂಟುತ್ತ ಬಂದ. ಮೂಗಿನ ಮೇಲೆ, ಮೀಸೆಯ ಮೇಲೆ ಮಣ್ಣು. ಒರೆಸಿಕೊಳ್ಳಲಿಲ್ಲ. ಫೋನು ಇಸಿದುಕೊಂಡು ಮಗಳ ಮುಖ ನೋಡಿದ.

“ಜಟ್ಟಿ ಬಿದ್ರೂ ಮೀಸಿ ಮಣ್ಣಾಗ್ಲಿಲ್ಲ ಅಂತಾರ. ನಂದು ಆತು ನೋಡವ್ವ,” ಎಂದ. “ಬಾಳ ಕಷ್ಟ ಐತಿ ಇದು. ಮಣಕಾಲು ಎಷ್ಟು ಬಗ್ಗಿಸ್ಬೇಕವ್ವ?”

“ನಿಂತು ತೋರ್ಸು ಅಪ್ಪ.”

ನಿಂತು ತೋರಿಸಿದ.

“ಸಾಲದು. ಇನ್ನೂ ಬಗ್ಗು.”

ಊರವರೆಲ್ಲ ನೋಡುತ್ತಿದ್ದ ಹಾಗೆಯೇ, ಫೋನು ಕೈಯಲ್ಲಿ ಹಿಡಿದುಕೊಂಡು, ಅಣ್ಣ ಇನ್ನಷ್ಟು ಬಗ್ಗಿದ.